ಎಡಚ ಯಾರ ಕಡೆ?

ಎಡಗೈಯಲ್ಲಿ ಕತ್ತಿ ಹಿಡಿದವನ ಮುಂದೆ ಕತ್ತು ಚಾಚುವಾಗ ಎಂಥವನಿಗೂ ಒಂದು ಕ್ಷಣ ಅಳುಕು ಆಗಿಯೇ ಆಗುತ್ತದೆ. ಆ ಕ್ಷೌರದಂಗಡಿಗೆ ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಗಿರಾಕಿಗಳು "ಇವತ್ತು ಗಡ್ಡ ಬೇಡಪ್ಪಾ, ಬರೀ ಕೂದಲು ಸಾಕು" ಎಂದು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಇದನ್ನು ಕಂಡ ಅಂಗಡಿಯ ಯಜಮಾನ ಒಂದು ದಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿ, ಹೋಗಿಬರುವವರೆಲ್ಲ ನೋಡುವ ಹಾಗೆ ಅವನ ಕೈಯಿಂದ ತಾನೇ ಗಡ್ಡ ಹೆರೆಸಿಕೊಂಡ. ಗಾಯವಿರಲಿ, ಒಂದು ಗೀರೂ ಬೀಳಲಿಲ್ಲ. ಅಂದಿನಿಂದ ಅವನಿಗೆ ಎಡಚ ಎಂಬ ಹೆಸರು ಅಂಟಿಕೊಂಡಿತು, ಗಿರಾಕಿಗಳೂ ಅಂಟಿಕೊಂಡರು. ಕೆಲವು ವರ್ಷಗಳಾದ ಮೇಲೆ ಯಜಮಾನನ ಮಗಳು ಅವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ ಮುದುಕ ಹೆಚ್ಚು ಯೋಚಿಸಲಿಲ್ಲ. "ಕತ್ತೇ ಕೊಟ್ಟಾಗಿದೆ, ಇನ್ನೇನು!" ಎಂದ.

ಅಂಗಡಿ ಇದ್ದದ್ದು ಫುಟ್‌ಬಾಲ್ ಸ್ಟೇಡಿಯಮ್ಮಿನ ಪೂರ್ವದ ಗ್ಯಾಲರಿಯ ಕೆಳಗೆ. ಮೇಲೆ ಜನ ಕೂರುವ ಮೆಟ್ಟಿಲುಗಳು. ಆ ಮೆಟ್ಟಿಲುಗಳ ತಳವೇ ಅಂಗಡಿಯ ಸೂರು. ಬಾಗಿಲ ಹತ್ತಿರ ಎತ್ತರದವರೂ ಆರಾಮವಾಗಿ ನಿಲ್ಲಬಹುದಿತ್ತು, ಒಳಗೊಳಗೆ ಹೋದಂತೆ ಸೂರು ತಗ್ಗಿ, ಕೊನೆಯ ನಲ್ಲಿಯ ಬಳಿ ಎಲ್ಲರೂ ವಿನಯವಂತರಾಗಲೇಬೇಕಿತ್ತು. ಸ್ಟೇಡಿಯಂ ನಗರಸಭೆಯದು, ಆಡುವುದು ಊರಿನ ಕ್ಲಬ್ಬು. ಗ್ಯಾಲರಿಯ ಕೆಳಗಿನ ಸಾಲಂಗಡಿಗಳವರೆಲ್ಲ ನಗರಸಭೆಯ ಬಾಡಿಗೆದಾರರು. ಆಟದ ದಿನ ಅಂಗಡಿ ಮುಚ್ಚಕೂಡದೆಂಬುದು ಮಾವನ ಕಟ್ಟಪ್ಪಣೆ. ಹಾಗಾಗಿ ಎಡಚ ಮೊದಮೊದಲು ಆಟಗಳನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ತಲೆಯ ಮೇಲೆ ಸಾವಿರಾರು ಕಾಲುಗಳು. ನಮ್ಮವರು ಚೆಂಡನ್ನು ಮುಂದೆ ಒಯ್ದರೆ ಸೂರಿನಲ್ಲಿ ಗುಡುಗು ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಗೋಲು ತಪ್ಪಿದರೆ ಒಂದೇ ಸಲ ಧೊಪ್ಪೆಂದು ಎಲ್ಲರೂ ಕೂರುವ ಸದ್ದು. ಗೋಲಾದರೆ ಕನ್ನಡಿ ನಡುಗಿ, ಶೆಲ್ಫಿನ ಮೇಲಿನ ಬಾಟಲಿಗಳು ತಾವಾಗಿಯೇ ಅಂಚಿಗೆ ನಡೆದು ಬರುತ್ತಿದ್ದವು. ಅವು ಬೀಳದಿರಲೆಂದು ಅವನು ಅಡ್ಡಕ್ಕೊಂದು ಮರದ ಪಟ್ಟಿ ಹೊಡೆದಿದ್ದ. "ಈ ಪಟ್ಟಿ ಹಾಕಿದ ಮೇಲೆ ನಮ್ಮ ಟೀಮು ಗೋಲು ಹೊಡೆಯೋದೇ ಕಮ್ಮಿಯಾಯ್ತು" ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಎಡಚ ಮಾಡಿದ ಏಕೈಕ ಕ್ರಾಂತಿಯೆಂದರೆ ಆಟದ ದಿನ ಬಾಗಿಲು ಹಾಕಿ ಮೇಲೆ ಹೋಗಿ ಕೂರಲು ಶುರುಮಾಡಿದ್ದು. ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ, ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಫುಟ್‌ಬಾಲೆಂದರೆ ಮುರಿದ ಮೂಳೆಗಳ ಹುಟ್ಟೂರು. ಒಂದು ಆಟವನ್ನೂ ಅವಳು ಪೂರ್ತಿ ನೋಡಿದವಳಲ್ಲ. "ನಿಮಗೆ ಆಟ, ನಮಗೆ ಡ್ಯೂಟಿ" ಎನ್ನುತ್ತಿದ್ದಳು.

ಇವರ ಸಂಸಾರ ಹೀಗೆ ನಡೆದಿರುವಾಗ ಆ ಗಾಳಿಯ ದಿನ ಬಂತು.

ಆಟದ ಮಧ್ಯೆ ಬಿರುಗಾಳಿ ಎದ್ದು, ಪೂರ್ವದ ಗ್ಯಾಲರಿಯ ಮೇಲ್ಛಾವಣಿಯ ಒಂದು ತಗಡು ಪಟಪಟನೆ ಬಡಿದುಕೊಳ್ಳತೊಡಗಿತು. ಅದು ಹಳೆಯ ಸದ್ದು. ಯಾರೂ ತಲೆ ಎತ್ತಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ತಗಡಿನ ಜೊತೆಗೆ ತುಕ್ಕು ಹಿಡಿದ ಮಳೆನೀರಿನ ದೋಣಿಯೂ ಕಿತ್ತುಕೊಂಡು ಕೆಳಗೆ ಬಂತು. ಎಡಚನ ಪಕ್ಕದಲ್ಲೇ ಕೂತಿದ್ದ ಅವನ ಹಳೆಯ ಗೆಳೆಯ, ನಿವೃತ್ತ ಅಂಚೆಯವ ಟಪಾಲಣ್ಣನ ಭುಜಕ್ಕೆ ಅದು ಅಪ್ಪಳಿಸಿತು. ತಲೆಗೆ ಬಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಎಡಚ ಅವನನ್ನು ತಬ್ಬಿ ಹಿಡಿದುಕೊಂಡೇ ಆಸ್ಪತ್ರೆಗೆ ಕರೆತಂದ. ಡ್ಯೂಟಿಯಲ್ಲಿದ್ದವಳು ಹೆಂಡತಿಯೇ.

"ಇಷ್ಟು ದಿನ ಆಡೋರು ಬರ್ತಿದ್ರು. ಈಗ ನೋಡೋರೂ ಶುರುವಾದ್ರಾ?" ಎಂದಳು. ಗದರಿದಳಾದರೂ ಆ ಮುದುಕನ ತೋಳನ್ನು ಹಕ್ಕಿಮರಿಯ ಹಾಗೆ ಹಿಡಿದಿದ್ದಳು.

ಟಪಾಲಣ್ಣ ನೋವಿನಲ್ಲೂ ಎಡಚನ ಕಡೆ ತಿರುಗಿ, "ಗೋಲು ಎಷ್ಟಾಯ್ತು? ಸಮ ಆಯ್ತಾ?" ಎಂದು ಕೇಳಿದ.

ಛಾವಣಿ ಯಾರು ಸರಿಮಾಡಬೇಕು ಎಂಬ ಪ್ರಶ್ನೆ ಎದ್ದದ್ದು ಅದರ ನಂತರ. ಆಡುವವರು ನೀವು, ನೀವೇ ಮಾಡಿಸಿ ಎಂದಿತು ನಗರಸಭೆ. ಆಸ್ತಿ ನಿಮ್ಮದು, ಕಂಡವರ ಮನೆಗೆ ನಾವ್ಯಾಕೆ ಹೆಂಚು ಹೊದಿಸಬೇಕು ಎಂದಿತು ಕ್ಲಬ್ಬು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಹಾಗೆ ಗ್ಯಾಲರಿಯ ಅರ್ಧ ಭಾಗಕ್ಕೆ ಹಗ್ಗ ಕಟ್ಟಿ ಜನರನ್ನು ದೂರ ಇಟ್ಟರು, ತಗಡು ಹಾರಿದ ಕಿಂಡಿಯಿಂದ ಮಳೆ ಸುರಿದು ಎಡಚನ ಅಂಗಡಿಯ ಸೂರು ತೊಟ್ಟಿಕ್ಕತೊಡಗಿತು. ಅವನು ಕುರ್ಚಿಯ ಪಕ್ಕ ಬಕೆಟ್ ಇಟ್ಟು ಕೆಲಸ ಮಾಡಿದ. ಕೊನೆಗೊಂದು ದಿನ ಕ್ಲಬ್ಬು, ಸ್ಟೇಡಿಯಮ್ಮನ್ನು ನಮಗೇ ಬಿಟ್ಟುಕೊಡಿ, ಛಾವಣಿ, ಮೆಟ್ಟಿಲು, ದೀಪ ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದು ನಗರಸಭೆಗೆ ಕೇಳಿಕೊಂಡಿತು. ನಗರಸಭೆ, ಜನರ ಅಭಿಪ್ರಾಯ ಕೇಳಿ ತೀರ್ಮಾನಿಸುತ್ತೇವೆ ಎಂದು ಸಾರ್ವಜನಿಕ ಸಭೆ ಕರೆಯಿತು.

ಊರಿಗೆ ಊರೇ ಎರಡಾಯಿತು. ಅದರಲ್ಲಿ ಅರ್ಧ ಜಗಳ ನಡೆದದ್ದು ಎಡಚನ ಕುರ್ಚಿಯಲ್ಲೇ. ಒಬ್ಬ ಕೊಡಲಿ ಎನ್ನುತ್ತಿದ್ದ, ಬೆಂಚಿನಲ್ಲಿ ಕಾಯುವವನು ಕೊಡಬಾರದು ಎನ್ನುತ್ತಿದ್ದ. "ತಲೆ ಅಲ್ಲಾಡಿಸಬೇಡಿ ಸ್ವಾಮೀ, ಕಿವಿ ಬಿಟ್ಟುಕೊಡಬೇಕಾಗುತ್ತೆ" ಎಂದು ಎಡಚ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದ. ವಿಚಿತ್ರವೆಂದರೆ ಭುಜ ಮುರಿಸಿಕೊಂಡ ಟಪಾಲಣ್ಣನೇ ಕೊಡಬಾರದೆಂಬ ಪಕ್ಷ.

"ಕ್ಲಬ್ಬಿನ ಈಗಿನ ಅಧ್ಯಕ್ಷ ಒಳ್ಳೆಯವನೇ ಇರಬಹುದು. ನಾಳೆ ಅವನು ಕ್ಲಬ್ಬನ್ನ ಇನ್ನೊಬ್ಬನಿಗೆ ಮಾರ್ತಾನೆ, ಆ ಇನ್ನೊಬ್ಬ ಜಾಗ ನೋಡ್ತಾನೆ, ಆಟ ನೋಡಲ್ಲ. ಪೇಟೆ ಪಕ್ಕದ ಜಾಗ ಕಣೋ ಇದು! ನಗರಸಭೆ ಸೋಮಾರಿ, ಒಪ್ತೀನಿ. ಆದ್ರೆ ಸೋಮಾರಿ ಯಾವತ್ತೂ ಮನೆ ಮಾರಲ್ಲ. ಮಾರೋಕೂ ಎದ್ದು ಓಡಾಡ್ಬೇಕಲ್ಲ!"

ಎಡಚ ನಕ್ಕ. ಆದರೆ ತನ್ನ ಮನಸ್ಸು ತನಗೇ ಇನ್ನೂ ತಿಳಿದಿರಲಿಲ್ಲ.

ತಿಳಿಯುವ ಹಾಗೆ ಮಾಡಿದವರು ಕ್ಲಬ್ಬಿನ ಕಾರ್ಯದರ್ಶಿ. ಅವರೂ ಅವನ ಹಳೆಯ ಗಿರಾಕಿ. ಒಂದು ಬೆಳಿಗ್ಗೆ ಕೂದಲು ಕತ್ತರಿಸಿಕೊಳ್ಳುತ್ತಲೇ ಮುಚ್ಚುಮರೆಯಿಲ್ಲದೆ ಹೇಳಿದರು: "ನಿನ್ನಿಂದ ಮುಚ್ಚಿಡೋದು ಸರಿಯಲ್ಲ. ಸ್ಟೇಡಿಯಂ ನಮಗೆ ಬಂದ್ರೆ ಪೂರ್ವದ ಗ್ಯಾಲರಿಗೆ ಅಗಲವಾದ ದಾರಿಗಳು ಬೇಕು. ಈಗಿರೋ ಇಕ್ಕಟ್ಟಿನಲ್ಲಿ ಏನಾದ್ರೂ ಗಲಾಟೆ ಆದ್ರೆ ಜನ ಕಾಲ್ತುಳಿತಕ್ಕೇ ಸಾಯ್ತಾರೆ. ಈ ಅಂಗಡಿಗಳೆಲ್ಲ ಹೋಗಬೇಕಾಗುತ್ತೆ. ನಿನಗೆ ಮಾತ್ರ ಹೊಸ ಕಟ್ಟಡದಲ್ಲಿ ಒಂದು ಜಾಗ ಕೊಡ್ತೀವಿ."

ಎಡಚ ಕೆಲಸ ಮುಗಿಸಿ, ಕುತ್ತಿಗೆಗೆ ಪೌಡರ್ ಹಚ್ಚಿ, ಬಟ್ಟೆ ಕೊಡವಿ, "ನನಗೆ ಮಾತ್ರ ಅಂದ್ರಲ್ಲ, ಆ ಮಾತು ನಾನು ಕೇಳಿಸಿಕೊಂಡಿಲ್ಲ. ನೀವೂ ಆಡಿಲ್ಲ" ಎಂದ.

ಅವರು ಹೋದ ಮೇಲೆ ಬಾಗಿಲು ಮುಂದೆಮಾಡಿಕೊಂಡು ಮೇಲೆ ಗ್ಯಾಲರಿಗೆ ಹೋದ. ಖಾಲಿ ಸ್ಟೇಡಿಯಂ. ಹಗ್ಗ ಕಟ್ಟಿದ ಕಡೆ ಸೀಟುಗಳ ಮೇಲೆ ಪಾರಿವಾಳದ ಹಿಕ್ಕೆ, ಮೆಟ್ಟಿಲ ಬಿರುಕಿನಲ್ಲಿ ಹುಲ್ಲು. ಹೊರಹೋಗುವ ದಾರಿಯನ್ನು ಅವನು ಅಂದು ಮೊದಲ ಸಲ ಸರಿಯಾಗಿ ನೋಡಿದ. ಇಬ್ಬರು ಪಕ್ಕಪಕ್ಕ ನಡೆದರೆ ಭುಜ ತಾಗುತ್ತಿತ್ತು. ಗಾಳಿಯ ದಿನ ಟಪಾಲಣ್ಣನನ್ನು ತಬ್ಬಿಕೊಂಡು ಇದೇ ದಾರಿಯಲ್ಲಿ ಇಳಿಯುವಾಗ ಹಿಂದಿನಿಂದ ಜನ ನೂಕಿದ್ದು, ಮುದುಕ ನೋವಿಗೆ ಕಿರುಚಿದ್ದು ನೆನಪಾಯಿತು. ದಾರಿ ಇಷ್ಟು ಕಿರಿದಾಗಲು ಕಾರಣ ಎರಡೂ ಪಕ್ಕದ ಅಂಗಡಿಗಳು. ಅವುಗಳಲ್ಲಿ ಒಂದು ತನ್ನದು.

ಅಲ್ಲಿಗೆ ಅವನಿಗೆ ನಿದ್ದೆ ಕೆಟ್ಟಿತು. ನಗರಸಭೆಗೆ ಶಾಲೆಯ ಸೂರು, ಆಸ್ಪತ್ರೆಯ ಸೂರು, ಸೇತುವೆ, ಚರಂಡಿ ಎಲ್ಲ ಇವೆ. ಆಟದ ಗ್ಯಾಲರಿ ಸಾಲಿನ ಕೊನೆಗೆ ನಿಲ್ಲುವುದು ನ್ಯಾಯವೇ. ಹಾಗಂತ ಜನ ಮುರಿದ ಛಾವಣಿಯ ಕೆಳಗೆ ಕೂರಬೇಕೆ? ಬಳಸುವವನ ಕೈಗೇ ಕೊಡುವುದು ಸರಿ. ಆದರೆ ಅಂಗಡಿ?

ಇತ್ತ ಸಾಲಂಗಡಿಯವರು ಸಭೆ ಸೇರಿ, ನಮ್ಮ ಪರವಾಗಿ ಎಡಚನೇ ಮಾತಾಡಲಿ ಎಂದು ತೀರ್ಮಾನಿಸಿಬಿಟ್ಟಿದ್ದರು. ಅವನಷ್ಟು ಬಾಯಿ ಯಾರಿಗಿದೆ? ಎಡಚ ಮಾರನೆಯ ದಿನವೇ ಅವರ ಮುಂದೆ ಹೋಗಿ ನಿಂತ.

"ನಿಮಗೆ ನನ್ನ ಬಾಯಿ ಬೇಕು. ಆದ್ರೆ ನನ್ನ ಮನಸ್ಸು ನಿಮ್ಮ ಕಡೆ ಇಲ್ಲ. ಎರವಲು ಬಾಯಲ್ಲಿ ಮಾತಾಡಿದ್ರೆ ನಿಮಗೂ ಮೋಸ, ನನಗೂ ಮೋಸ. ಬೇರೆಯವರನ್ನ ನೋಡ್ಕೊಳ್ಳಿ."

ಪಕ್ಕದ ಅಂಗಡಿಯ ದರ್ಜಿ ಉರಿದುಬಿದ್ದ. "ಉಂಡ ಮನೆಗೆ ಎರಡು ಬಗೀತೀಯಾ?"

"ಉಂಡ ಮನೆಯ ಸೂರು ಯಾರ ತಲೆ ಮೇಲಾದ್ರೂ ಬೀಳೋ ಮುಂಚೆ ಹೇಳ್ತಿದ್ದೀನಿ ಮಾರಾಯ."

ಸಾಲಂಗಡಿಯವರು ಅವನ ಹತ್ತಿರ ಮಾತು ಬಿಟ್ಟರು, ಕ್ಷೌರವನ್ನೂ ಬಿಟ್ಟರು. ದರ್ಜಿ ಛಲಕ್ಕೆ ಬಿದ್ದು ಪೇಟೆಯ ಆಚೆ ಬೇರೆ ಕಡೆ ಹೋಗಿ, ಇಲಿ ಕಚ್ಚಿದ ಹಾಗೆ ಕೂದಲು ಕತ್ತರಿಸಿಕೊಂಡು ಬಂದ. ಎಡಚನಿಗೆ ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕರೆದು ಸರಿಮಾಡಿಬಿಡಲೇ ಎಂದು ಕೈ ತುರಿಸಿತು.

ಇದೆಲ್ಲಕ್ಕಿಂತ ಕಷ್ಟದ ಕೆಲಸ ಮನೆಯಲ್ಲಿತ್ತು. ಹೆಂಡತಿ ಡ್ಯೂಟಿ ಮುಗಿಸಿ ಬಂದು, ಉಗುರಿನ ಸಂದಿಯಲ್ಲಿ ಸಿಕ್ಕ ಬಿಳಿ ಪ್ಲಾಸ್ಟರನ್ನು ಬ್ರಶ್ಶಿನಿಂದ ಉಜ್ಜುತ್ತ ಅಡುಗೆಮನೆಯ ತೊಟ್ಟಿಯ ಬಳಿ ನಿಂತಿದ್ದಳು. ಎಡಚ ಎಲ್ಲವನ್ನೂ ಹೇಳಿದ. ಅವಳು ನಲ್ಲಿ ನಿಲ್ಲಿಸಿದಳು.

"ಅದು ಯಾರ ಅಂಗಡಿ?"

"ಮಾವಂದು."

"ಹಾಗಾದ್ರೆ ಈಗ ಯಾರದು?"

"ನಿಂದು."

"ಸಾಲಂಗಡಿಯವರಿಗೆಲ್ಲ ಹೇಳಿ ಆಮೇಲೆ ನನ್ನ ಹತ್ರ ಬಂದಿದ್ದೀರಲ್ಲ! ನಮ್ಮಪ್ಪ ನಿಮಗೆ ಕತ್ತು ಕೊಟ್ಟ. ನೀವು ಅವನ ಅಂಗಡೀನ ತಟ್ಟೆಯಲ್ಲಿಟ್ಟು ಊರಿಗೆ ಕೊಡ್ತೀರಾ?"

ತಪ್ಪು ತನ್ನದೇ. ಎಡಚ ತಲೆ ತಗ್ಗಿಸಿ ಕೂತ. "ನಿನ್ನನ್ನೇ ಮೊದಲು ಕೇಳಬೇಕಿತ್ತು. ಅಂಗಡಿ ಬಿಟ್ಟುಕೊಡ್ತೀನಿ ಅಂತ ಸಭೇಲಿ ಹೇಳಲ್ಲ. ಆ ಮಾತು ನಿಂದು. ಆದ್ರೆ ಸ್ಟೇಡಿಯಂ ಕ್ಲಬ್ಬಿಗೆ ಹೋಗಲಿ ಅನ್ನೋದು ನನ್ನ ಅಭಿಪ್ರಾಯ. ಅದನ್ನ ನುಂಗಿಕೊಂಡು ಕೂರೋಕೆ ನನ್ನಿಂದ ಆಗಲ್ಲ" ಎಂದ.

"ನಿಮ್ಮ ಮಾತು ಆಡ್ಕೊಳ್ಳಿ ಹೋಗಿ" ಎಂದಳು. ಆಮೇಲೆ ಸಭೆಯ ದಿನದವರೆಗೂ ಮನೆಯಲ್ಲಿ ತಟ್ಟೆ ಲೋಟಗಳೇ ಮಾತಾಡಿದವು.

ನಗರಸಭೆಯ ದೊಡ್ಡ ಹಾಲಿನಲ್ಲಿ ಸಭೆ ಸೇರಿತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಟಪಾಲಣ್ಣ ತೋಳು ಜೋಲಿಯಲ್ಲಿ ಇಟ್ಟುಕೊಂಡೇ ಎದ್ದು ಕೊಡಬಾರದು ಎಂದ. ಭುಜ ಮುರಿದವನೇ ಹೀಗೆನ್ನುತ್ತಾನಲ್ಲ ಎಂದು ಜನ ಚಪ್ಪಾಳೆ ತಟ್ಟಿದರು. ಅವನ ಬೆನ್ನಿಗೇ ಎಡಚನ ಸರದಿ. ಅಂಗಡಿಯಲ್ಲಿ ಅರಳು ಹುರಿದ ಹಾಗೆ ಮಾತಾಡುವವನಿಗೆ ಅಲ್ಲಿ ಮೈಕಿನ ಮುಂದೆ ಗಂಟಲು ಒಣಗಿತು.

"ಟಪಾಲಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ" ಎಂದು ಶುರುಮಾಡಿದ. "ಆದ್ರೆ ಅವನ ಮೇಲೆ ದೋಣಿ ಬಿದ್ದಾಗ ಪಕ್ಕದಲ್ಲಿದ್ದವನು ನಾನು. ಅವನ ತಲೆಗೂ ಭುಜಕ್ಕೂ ಎಷ್ಟು ದೂರ? ಒಂದು ಗೇಣು. ಆ ಒಂದು ಗೇಣಿನಲ್ಲಿ ಅವನು ಉಳಿದ. ಇನ್ನೊಂದು ಸಲ ಉಳೀತಾನೆ ಅಂತ ನಾನು ಹೇಳಲಾರೆ. ನಗರಸಭೆಗೆ ನೂರು ಸೂರು ಇದೆ, ಕ್ಲಬ್ಬಿಗೆ ಇರೋದು ಇದೊಂದೇ. ಒಂದೇ ಸೂರು ಇರೋನು ಅದನ್ನ ಚೆನ್ನಾಗಿ ನೋಡ್ಕೋತಾನೆ. ದಾರಿ ಅಗಲ ಮಾಡೋಕೆ ನಮ್ಮ ಅಂಗಡಿಗಳು ಅಡ್ಡ ಇವೆ ಅಂತಾನೂ ಗೊತ್ತು. ಆ ಅಂಗಡಿ ನಂದಲ್ಲ, ನಮ್ಮ ಮಾವನ ಮಗಳದು. ಅದರ ಬಗ್ಗೆ ನಾನು ಮಾತು ಕೊಡೋ ಹಾಗಿಲ್ಲ. ಇನ್ನು ಕ್ಲಬ್ಬಿನವರು ನನಗೆ ಹೊಸ ಜಾಗ ಕೊಟ್ಟರೂ ನಾನು ತಗೊಳ್ಳಲ್ಲ. ತಗೊಂಡ್ರೆ ಇವತ್ತು ಆಡಿದ ಮಾತಿಗೆ ಬೆಲೆ ಕಟ್ಟಿದ ಹಾಗೆ ಆಗುತ್ತೆ."

ಹಿಂದಿನಿಂದ ಯಾರೋ ಕೂಗಿದರು: "ಬೆಲೆ ಆಗಲೇ ಕಟ್ಟಿರಬೇಕು! ಎಷ್ಟಕ್ಕೆ ಮಾರಿಕೊಂಡೆ ಎಡಚಾ?"

ಹಾಲಿನಲ್ಲಿ ನಗು, ಗಲಾಟೆ. ಎಡಚನ ಮುಖ ಕಪ್ಪಿಟ್ಟಿತು. ಆಗ ಬಾಗಿಲ ಬಳಿಯಿಂದ ಒಂದು ಹೆಣ್ಣುದನಿ ಬಂತು. ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ನಿಂತಿದ್ದಳು ಹೆಂಡತಿ. ಅವಳು ಬರುತ್ತಾಳೆಂದು ಎಡಚನಿಗೆ ಗೊತ್ತೇ ಇರಲಿಲ್ಲ.

"ನನಗೂ ಮಾತಾಡೋಕಿದೆ" ಎಂದು ನೇರವಾಗಿ ಮುಂದೆ ಬಂದಳು. "ಇವರನ್ನ ಕೊಂಡುಕೊಳ್ಳೋಕೆ ಆಗೋ ಹಾಗಿದ್ರೆ ನಾನು ಮದುವೆಯಾದ ವರ್ಷವೇ ಕೊಂಡು, ಆಟದ ದಿನ ಮನೇಲಿ ಕೂರಿಸ್ಕೊಳ್ತಿದ್ದೆ. ಆಗಲಿಲ್ಲ."

ಹಾಲು ನಗೆಯಿಂದ ಬಿರಿಯಿತು. ಈ ಸಲದ ನಗುವಿನಲ್ಲಿ ವಿಷ ಇರಲಿಲ್ಲ.

"ಇವರು ಹೇಳೋದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಟಪಾಲಣ್ಣನ ಭಯ ನನಗೂ ಇದೆ. ದಿನಾ ಬೆಳಿಗ್ಗೆ ಆ ಮೈದಾನದ ಸುತ್ತ ನಡೆಯೋರಲ್ಲಿ ಅರ್ಧ ಜನ ನಾನು ಪ್ಲಾಸ್ಟರ್ ಬಿಚ್ಚಿ ಕಳಿಸಿದೋರು. ಅವರು ನಾಳೆ ಎಲ್ಲಿಗೆ ಹೋಗ್ತಾರೆ? ಆದ್ರಿಂದ ಕ್ಲಬ್ಬಿಗೆ ಕೊಡಿ, ಬಿಟ್ಟುಕೊಡಬೇಡಿ. ಗುತ್ತಿಗೆಗೆ ಕೊಡಿ. ಆಟ ಬಿಟ್ಟು ಬೇರೇನು ಕಟ್ಟಿದ್ರೂ ವಾಪಸ್ ತಗೋತೀವಿ ಅಂತ ಬರೆಸಿ. ಬೆಳಿಗ್ಗೆ ಗೇಟು ಜನಕ್ಕೆ ತೆಗೆದಿರಬೇಕು ಅಂತಾನೂ ಬರೆಸಿ. ಅಂಗಡಿ ವಿಷಯ..." ಅವಳು ಗಂಡನ ಕಡೆ ನೋಡಲಿಲ್ಲ. "ಅದು ನಮ್ಮಪ್ಪಂದು. ಜನ ಜೀವ ಉಳಿಸ್ಕೊಳ್ಳೋ ದಾರಿಗೆ ಅಡ್ಡ ಇದ್ದರೆ ನಮ್ಮಪ್ಪನೇ ಕಿತ್ತು ಹಾಕ್ತಿದ್ದ. ಆದ್ರೆ ಆ ಸಾಲಿನ ಎಲ್ಲರಿಗೂ ಬೇರೆ ಜಾಗ ಕೊಟ್ಟ ಮೇಲೆ ಕಿತ್ತು ಹಾಕಿ. ಮೊದಲೇ ಅಲ್ಲ."

ಮನೆಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದರು. ಅರ್ಧ ದಾರಿಯಲ್ಲಿ ಅವಳು, "ಗಂಟಲು ಒಣಗಿತ್ತಲ್ಲ, ಒಂದು ಲೋಟ ನೀರು ಕುಡಿದು ನಿಲ್ಲಬಾರದಿತ್ತಾ?" ಎಂದಳು. ಅವಳು ಮತ್ತೆ ಮಾತಾಡಿದಳೆಂಬ ಸಂತೋಷಕ್ಕೆ ಎಡಚ ತಿರುವು ತಪ್ಪಿಸಿ ಮುಂದೆ ಹೋಗಿಬಿಟ್ಟ.

ನಗರಸಭೆ ಚರ್ಚೆ ಮಾಡಿ ಮಾಡಿ, ಕೊನೆಗೆ ಹೆಚ್ಚುಕಮ್ಮಿ ಅವಳು ಹೇಳಿದ ಹಾಗೆಯೇ ತೀರ್ಮಾನಿಸಿತು. ಮಣ್ಣು ಊರಿನದು, ಮೇಲಿನದು ದೀರ್ಘ ಗುತ್ತಿಗೆಗೆ ಕ್ಲಬ್ಬಿನದು. ಬೆಳಿಗ್ಗೆ ಗೇಟು ಜನಕ್ಕೆ ತೆರೆದಿರಬೇಕೆಂದೂ ಬರೆಸಿತು. ಸಾಲಂಗಡಿಯವರಿಗೆ ಬಸ್ ನಿಲ್ದಾಣದ ಹಿಂದೆ ಹೊಸ ಮಳಿಗೆಗಳು ಸಿಕ್ಕವು. ಎಡಚ ತನ್ನ ಪಾಲಿನದನ್ನು ನಗರಸಭೆಯಿಂದ, ಎಲ್ಲರಂತೆ ಸಾಲಿನಲ್ಲಿ ನಿಂತು ಪಡೆದ. ಕ್ಲಬ್ಬಿನಿಂದ ಏನನ್ನೂ ಮುಟ್ಟಲಿಲ್ಲ. ಹಳೆಯ ಅಂಗಡಿ ಕೆಡವುವ ದಿನ ಹೆಂಡತಿ ರಜೆ ಹಾಕಿ ಬಂದಿದ್ದಳು. ಗೋಡೆಗೆ ಮೊದಲ ಏಟು ಬಿದ್ದಾಗ ಎಡಚ ಅವಳ ಕೈ ಹಿಡಿಯಲು ಹೋದ. ಅವಳು ಮೆಲ್ಲಗೆ ಬಿಡಿಸಿಕೊಂಡಳು. ಆ ಹೊತ್ತಿಗೆ ಅವಳ ದುಃಖ ಅವಳೊಬ್ಬಳದೇ. ಅವನು ಎರಡು ಹೆಜ್ಜೆ ಹಿಂದೆ ನಿಂತು ಕಾದ.

ಹೊಸ ಕಡೆ ವ್ಯಾಪಾರ ಮೊದಲು ನಿಧಾನವಾಗಿತ್ತು. ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಮಧ್ಯಾಹ್ನ ದರ್ಜಿ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಎಡಚ ಬಟ್ಟೆ ಕೊಡವಿ ಹೊದಿಸಿದ. ಅಷ್ಟು ದಿನವೂ ಬೇರೆ ಕಡೆ ಕತ್ತರಿಸಿಕೊಂಡ ಆ ಇಲಿ ಕಚ್ಚಿದ ತಲೆಯನ್ನು ಸರಿಮಾಡಲು ಅವನಿಗೆ ಒಳ್ಳೆಯ ಹೊತ್ತೇ ಹಿಡಿಯಿತು.

ಕ್ಲಬ್ಬು ಮಾತಿನಂತೆ ನಡೆದುಕೊಂಡಿತು. ಹೊಸ ಛಾವಣಿ ಬಂತು, ದಾರಿಗಳು ಅಗಲವಾದವು. "ನೋಡಿದೆಯಾ?" ಎಂದು ಎಡಚ ಟಪಾಲಣ್ಣನ ಮುಂದೆ ಎದೆಯುಬ್ಬಿಸಿದ. "ನೋಡೋಣ, ಇನ್ನೂ ಮೊದಲರ್ಧ" ಎಂದ ಮುದುಕ.

ಅವನು ಹೇಳಿದ್ದು ನಿಜವಾಯಿತು. ಒಂದು ಬೆಳಿಗ್ಗೆ ನಡೆಯಲು ಬಂದವರಿಗೆ ಗೇಟಿಗೆ ಬೀಗ ಕಂಡಿತು. ಹೊಸ ಹುಲ್ಲು ಹಾಳಾಗುತ್ತದೆ, ಕಾವಲಿನ ತೊಂದರೆ ಎಂದು ಏನೇನೋ ಕಾರಣ ಕೇಳಿಬಂತು. ಟಪಾಲಣ್ಣ ಬಂದು ಹೇಳಿದಾಗ ಎಡಚನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನೇರ ಕಾರ್ಯದರ್ಶಿಯ ಬಳಿಗೆ ಹೋದ.

"ಎಡಚಾ, ನೀನು ನಮ್ಮವನಾಗಿ ಹೀಗೆ ಬರಬಹುದಾ?" ಎಂದರು ಅವರು.

"ನಿಮ್ಮವನು ಅಂತಲೇ ಬಂದಿದ್ದು. ಆಗದವನಾಗಿದ್ರೆ ಸುಮ್ಮನೆ ಮನೇಲಿ ಕೂತು ನಗ್ತಿದ್ದೆ. ನಾನು ಊರ ಮುಂದೆ ನಿಮ್ಮ ಪರ ನಿಂತೆ. ನನ್ನ ಮಾತನ್ನ ಸುಳ್ಳು ಮಾಡಬೇಡಿ."

ನೋಡೋಣ, ಮಾಡೋಣ ಎಂದರು. ಗೇಟು ತೆರೆಯಲಿಲ್ಲ. ಎಡಚ ಇನ್ನೊಂದು ಸಲ ಕೇಳಲು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ, ಕ್ಲಬ್ಬಿನ ಜೆರ್ಸಿ ತೊಟ್ಟು ಕ್ಲಬ್ಬಿನ ಗೇಟಿಗೆ ಎದುರಾಗಿ, ನಡೆಯಲು ಬಂದವರ ಜೊತೆ ಹೋಗಿ ನಿಂತ. ಕೂಗಲಿಲ್ಲ, ಬೈಯಲಿಲ್ಲ, ಸುಮ್ಮನೆ ನಿಂತ. ಅದರ ಮರುದಿನ ಗ್ಯಾಲರಿಯ ಗೆಳೆಯರು ಕೆಲವರು ಅದೇ ಜೆರ್ಸಿಯಲ್ಲಿ ಬಂದರು. ದರ್ಜಿಯೂ ಬಂದ. ವಾರ ತುಂಬುವುದರೊಳಗೆ ಗೇಟಿನ ಎದುರು ಆಟದ ದಿನದಷ್ಟೇ ಬಣ್ಣ. ತಮ್ಮದೇ ಜೆರ್ಸಿ ತೊಟ್ಟವರನ್ನು ಓಡಿಸುವುದು ಹೇಗೆ? ಕಾರ್ಯದರ್ಶಿ ತಾವೇ ಬೀಗದ ಕೈ ಹಿಡಿದು ಬಂದರು. ಮುಖ ಚಿಕ್ಕದಾಗಿತ್ತು, ಆದರೆ ಎಡಚನನ್ನು ಕಂಡು ಕೈ ಮುಂದೆ ಚಾಚಿದರು.

ಟಪಾಲಣ್ಣ ಭುಜ ತಿರುಗಿಸುತ್ತ ಮೊದಲು ಒಳಗೆ ಹೋದ. ಅವನ ಹಿಂದೆ ಕೋಲಿನವರು, ಮೊಣಕಾಲು ನೋವಿನವರು, ಡ್ಯೂಟಿಗೆ ಹೋಗುವ ಮುನ್ನ ಬಂದಿದ್ದ ಹೆಂಡತಿ. ಅವಳು ಗೇಟಿನೊಳಗೆ ನಿಂತು ಗಂಡನನ್ನು ಕರೆದಳು: "ಇಷ್ಟು ದಿನ ನಿಂತಿದ್ದೀರಿ. ಒಂದು ಸುತ್ತಾದ್ರೂ ನಡೀರಿ."

"ಬರೀ ನಡೆಯೋದಕ್ಕೆ ನಾನ್ಯಾಕೆ ಬರಲಿ?" ಎಂದ ಎಡಚ. "ಯಾರಾದ್ರೂ ಚೆಂಡು ಒದ್ದರೆ ಕರಿ. ಅಂಗಡಿ ತೆಗೀಬೇಕು, ಒಂದು ವಾರದ ಗಡ್ಡ ಕಾಯ್ತಾ ಇದೆ."